ಅನ್‌ರಿಮಾರ್ಕಬಲ್

ಪಿ.ಬಿ. ರಸ್ತೆಗೆ ಬೆನ್ನು ಮಾಡಿ ನಿಂತ ಸ್ಕ್ಯಾನಿಂಗ್ ಸೆಂಟರಿನಲ್ಲಿ
ಒಂಬತ್ತು ವರ್ಷದಿಂದ ರಿಪೋರ್ಟು ಟೈಪು ಮಾಡುವವಳು ನಾನು.
ಕತ್ತಲಕೋಣೆಯಲ್ಲಿ ಕೂತು ಡಾಕ್ಟರು ಹೇಳುತ್ತಾರೆ,
ಕಿವಿಗೆ ಸಿಕ್ಕಿಸಿಕೊಂಡು ನಾನು ಹೊಡೆಯುತ್ತೇನೆ:
ಲಿವರು ಇಂಥದ್ದು, ಕಿಡ್ನಿ ಅಂಥದ್ದು,
ಪಿತ್ತಕೋಶ ಇಷ್ಟಗಲ.
ನಾಮಪದ ಎಲ್ಲರಿಗೂ ಒಂದೇ.
ದಲಾಲಿ ಅಂಗಡಿ ಸಾಹುಕಾರನಿಗೂ ಅವನ ಹಮಾಲನಿಗೂ
ಎರಡು ಕಿಡ್ನಿ, ಒಂದು ಗುಂಡಿಗೆ.
ಅದರ ಹಿಂದೆಯೋ ಮುಂದೆಯೋ ಬಂದು ಕೂರುವ
ಗುಣವಾಚಕದಲ್ಲೇ ಇರುವುದು
ಯಾರು ಆಟೋ ಹತ್ತಿ ಮನೆಗೆ,
ಯಾರು ಲಿಫ್ಟು ಹತ್ತಿ ಮೂರನೇ ಮಹಡಿಗೆ ಎಂಬುದು.

ಶಾಲೆಯಲ್ಲಿ ಕಲಿತದ್ದು ಬೇರೆ.
ಬಕ್ಕಪ್ಪ ಮೇಷ್ಟ್ರು ಬೋರ್ಡಿನ ಮೇಲೆ
ಟೆಂಡರ್ ಎಂದರೆ ಎಳೆಯದು, ಮೃದುವಾದದ್ದು ಎಂದು ಬರೆದು
ಪಕ್ಕಕ್ಕೊಂದು ಬದನೇಕಾಯಿ ಬಿಡಿಸಿದ್ದರು.
ಮಹಾನಗರಪಾಲಿಕೆಗೆ ಅಲೆಯುವ ನನ್ನ ಮೈದುನನಿಗೆ
ಟೆಂಡರ್ ಎಂದರೆ ಕರೆಯುವುದು, ಹಾಕುವುದು, ಕೈತಪ್ಪುವುದು.
ಇಲ್ಲಿ, ಹೊಟ್ಟೆ ಟೆಂಡರ್ ಎಂದರೆ
ಮುಟ್ಟಿದರೆ ಅಯ್ಯೋ ಅನ್ನುತ್ತದೆ ಎಂದರ್ಥ.
ಯೋಚಿಸಿದರೆ ಮೂರೂ ಅಷ್ಟು ದೂರದ ನೆಂಟರಲ್ಲ.

ಪಾಸಿಟಿವ್ ಬಂದರೆ ಅಳುತ್ತಾರೆ,
ನೆಗೆಟಿವ್ ಬಂದರೆ ದುಗ್ಗಮ್ಮನಿಗೆ ಕಾಯಿ ಒಡೆಸುತ್ತಾರೆ.
ಮೈಲ್ಡ್ ಎಂದರೆ ಡಾಕ್ಟರಿಗೆ ಒಂದು ಚೂರು,
ನೋವುಂಡವನಿಗೆ ಇಡೀ ರಾತ್ರಿ.
ಸ್ಟೇಬಲ್ ಎಂದರೆ ಇನ್ನೂ ಬಿದ್ದಿಲ್ಲ ಅಂತ,
ಎದ್ದು ಕೂತಿದ್ದಾನೆ ಅಂತಲ್ಲ.

ಮೊನ್ನೆ ಮಂಗಳವಾರ, ಕರೆಂಟು ಹೋಗಿ
ಯುಪಿಎಸ್ಸು ಕುಂಯ್‌ಗುಡುವಾಗ
ಕಿಟಕಿಗೆ ಬಂದವರು ಬುಡೇನ್ ಸಾಬ್.
ಹತ್ತಿ ಮಿಲ್ಲಿನ ಸ್ಪಿನ್ನಿಂಗಿನಲ್ಲಿ ಇಪ್ಪತ್ತೇಳು ವರ್ಷ,
ಮಿಲ್ಲು ಬಾಗಿಲು ಹಾಕಿದ ಮೇಲೆ
ಮಂಡಕ್ಕಿ ಭಟ್ಟಿಯಲ್ಲಿ ಹದಿನಾಲ್ಕು.
ಏಳನೇ ಕ್ಲಾಸಿನ ಮೊಮ್ಮಗಳು ಡಿಕ್ಷನರಿ ತೆಗೆದು
ಮೊದಲ ಹಾಳೆ ಓದಿ ಹೇಳಿದ್ದಾಳೆ.

"ಲಿವರು ಅನ್‌ರಿಮಾರ್ಕಬಲ್, ಗುಂಡಿಗಿ ಅನ್‌ರಿಮಾರ್ಕಬಲ್,
ಬೆನ್ನೆಲುಬೂ ಅದಾ.
ಹಂಗಂದ್ರ, ಹೇಳ್ಕೊಳ್ಳೋವಂಥಾದ್ದು ಏನೂ ಇಲ್ಲ ಅಂತಲ್ರೀ ಮೇಡಂ?
ಎಪ್ಪತ್ತೊಂದು ವರ್ಷ ದುಡದೈತ್ರಿ ಈ ಗುಂಡಿಗಿ.
ಒಂದು ದಿನ ರಜಾ ಹಾಕಿಲ್ಲ."

ನಗಬಾರದಿತ್ತು, ನಕ್ಕೆ.
ಅಜ್ಜಾ, ಇದು ಬೈಗುಳವಲ್ಲ,
ಈ ಕಟ್ಟಡದೊಳಗೆ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.
ಇಲ್ಲಿ ನೀವು ರಿಮಾರ್ಕಬಲ್ ಆದಿರೋ
ನಾಲ್ಕು ಜನ ಸೇರಿ ನೋಡುತ್ತಾರೆ,
ಪಿಜಿ ಹುಡುಗರನ್ನು ಕರೆಸಿ ತೋರಿಸುತ್ತಾರೆ,
ಇಂಟರೆಸ್ಟಿಂಗ್ ಕೇಸ್ ಅನ್ನುತ್ತಾರೆ.
ದೇವರು ಯಾರನ್ನೂ ಇಂಟರೆಸ್ಟಿಂಗ್ ಮಾಡದಿರಲಿ.

ಒಪ್ಪಿದಂತೆ ಕಾಣಲಿಲ್ಲ.
ಸುಮ್ಮನೆ ಭಟ್ಟಿಯ ಮಾತು ತೆಗೆದರು:
"ಮಂಡಕ್ಕಿ ಚಲೋ ಅರಳಿದ್ರ ಯಾರೂ ಏನೂ ಅನ್ನಂಗಿಲ್ರಿ,
ತಿಂದು ಹೋಗ್ತಾರ, ಅಷ್ಟಾ.
ಒಂದು ಮುಷ್ಟಿ ಮೆತ್ತಗಾತೋ, ಉಸುಕು ಹಲ್ಲಿಗೆ ಸಿಕ್ತೋ,
ಮಂಡಿಪೇಟೆ ತನಕಾ ಸುದ್ದಿ."
ತಮ್ಮ ಮಾತು ತಮಗೇ ಆಗ ಕೇಳಿಸಿತೇನೋ,
"ಹಂಗಾ ಇದು?" ಅಂದರು.
ಹಂಗಾ, ಅಂದೆ.

ಎರಡನೇ ಹಾಳೆ ಆ ಹುಡುಗಿ ತಿರುವಿರಲಿಲ್ಲ.
ಅದರಲ್ಲಿ ಶ್ವಾಸಕೋಶ.
ನಾನೇ ಹೊಡೆದದ್ದು, ಬೆರಳಿಗೆ ನೆನಪಿತ್ತು:
ಒಂದು ನಾಮಪದದ ಮುಂದೆ ಮೂರು ಗುಣವಾಚಕ,
ರೇಷನ್ ಅಂಗಡಿಯ ಸಾಲಿನಂತೆ ಒತ್ತಿಕೊಂಡು.
ನಲವತ್ತೊಂದು ವರ್ಷದ ಹತ್ತಿ ಧೂಳು, ಭಟ್ಟಿ ಹೊಗೆ
ಅಷ್ಟರಲ್ಲೇ ಮುಗಿದಿತ್ತು.
ಅರ್ಥ ಹೇಳುವುದು ನನ್ನ ಕೆಲಸವಲ್ಲ.
ನಾಕು ಗಂಟೆಗೆ ಡಾಕ್ಟ್ರು ಹೇಳ್ತಾರೆ, ಕೂತಿರಿ ಅಂದೆ.

ಕೂತರು. ಕೆಮ್ಮಿದರು. ಮತ್ತೆ ಎದ್ದು ಬಂದು
ಜುಬ್ಬಾದ ಜೇಬಿನಿಂದ ಪೊಟ್ಟಣ ತೆಗೆದು
ಕಿಟಕಿಯ ಕಟ್ಟೆಯ ಮೇಲಿಟ್ಟರು. ಖಾರ ಮಂಡಕ್ಕಿ.
"ಬೆಳಿಗ್ಗೇದು, ನಮ್ಮ ಭಟ್ಟೀದಾ."

ಗರಿಗರಿ ಇತ್ತು.
ಇದಕ್ಕೆ ಕ್ರಿಸ್ಪ್ ಅನ್ನಬೇಕೋ, ಕ್ರಂಚಿ ಅನ್ನಬೇಕೋ
ಬಕ್ಕಪ್ಪ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.
ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು.
ಅವರು ನನ್ನ ಮುಖವನ್ನೇ ನೋಡುತ್ತಿದ್ದರು.
ನಾನು ಏನೂ ಅನ್ನಲಿಲ್ಲ.
ತಿಂದೆ.